ಹಲ್ಲು ಸರಿಯುವ ಪರಿ: ದಂತವೈದ್ಯರೊಡನೆ ಪ್ರಶ್ನೋತ್ತರ

ಈ ಬಾರಿ ಆಯ್ದುಕೊಂಡ ಪತ್ರಗಳೆಲ್ಲ ಒಂದೇ ವಿಷಯದ ಸುತ್ತ ಇವೆ: ಹಲ್ಲು ತಾನಿರುವ ಜಾಗ ಬಿಟ್ಟು ಸರಿಯುವುದು. ಕೆಲವರಿಗೆ ಅದು ಬೇಕಾಗಿದೆ, ಬೇಗ ಸರಿಯುತ್ತಿಲ್ಲವೆಂಬ ಅವಸರ. ಇನ್ನು ಕೆಲವರಿಗೆ ಅದು ಬೇಡವಾಗಿದೆ, ಆದರೂ ಸರಿಯುತ್ತಿದೆಯೆಂಬ ಆತಂಕ. ಎರಡರ ಹಿಂದೆಯೂ ಇರುವುದು ಒಂದೇ ಕ್ರಿಯೆಯಾದ್ದರಿಂದ ಮೊದಲ ಪ್ರಶ್ನೆಗೆ ತುಸು ದೀರ್ಘವಾಗಿಯೇ ಉತ್ತರಿಸಿದ್ದೇನೆ. ಉಳಿದ ಉತ್ತರಗಳನ್ನು ಓದುವ ಮೊದಲು ಅದನ್ನು ಓದಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ನನ್ನ ಮಗನಿಗೆ ಕ್ಲಿಪ್ ಹಾಕಿಸಿ ನಾಲ್ಕು ತಿಂಗಳಾಯಿತು. ಕೋರೆಹಲ್ಲು ಕಣ್ಣಿಗೆ ಕಾಣುವಷ್ಟು ಹಿಂದಕ್ಕೆ ಸರಿದಿದೆ. ಹಲ್ಲಿನ ಬೇರು ಗಟ್ಟಿ ಮೂಳೆಯಲ್ಲಿ ಹೂತಿರುವಾಗ ಅಷ್ಟು ತೆಳ್ಳನೆಯ ತಂತಿ ಅದನ್ನು ಸರಿಸುವುದಾದರೂ ಹೇಗೆ? ಮೂಳೆಗೆ ಪೆಟ್ಟಾಗುವುದಿಲ್ಲವೇ?

ಉತ್ತರ: ಗೋಡೆಗೆ ಹೊಡೆದ ಮೊಳೆಯ ಹಾಗೆ ಹಲ್ಲು ಮೂಳೆಯಲ್ಲಿ ನಾಟಿಕೊಂಡಿದೆ ಎಂದು ಬಹಳ ಮಂದಿ ಭಾವಿಸಿದ್ದಾರೆ. ವಾಸ್ತವದಲ್ಲಿ ಆರೋಗ್ಯವಂತ ಹಲ್ಲಿನ ಬೇರು ಮೂಳೆಯನ್ನು ಮುಟ್ಟುವುದೇ ಇಲ್ಲ. ಬೇರಿಗೂ ದವಡೆಯ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ಅಗಲದ ಸಂದಿದ್ದು, ಅದರ ತುಂಬ ನಾರುಗಳು, ರಕ್ತನಾಳಗಳು, ನರಗಳು, ಜೀವಕೋಶಗಳು ಮತ್ತು ದ್ರವ ಇರುತ್ತವೆ. ಪೆರಿಯೊಡಾಂಟಲ್ ಲಿಗಮೆಂಟ್ ಎಂದು ಕರೆಯುವ ಈ ತೆಳು ಪದರದ ಒಂದು ತುದಿಯ ನಾರುಗಳು ಬೇರಿನೊಳಗೂ ಇನ್ನೊಂದು ತುದಿಯವು ಮೂಳೆಯೊಳಗೂ ಹೊಕ್ಕಿರುತ್ತವೆ. ಹಲ್ಲು ಅವುಗಳ ನಡುವೆ ತೊಟ್ಟಿಲಿನಂತೆ ತೂಗಿಕೊಂಡಿದೆ ಎನ್ನಬಹುದು. ನೀವು ಗಟ್ಟಿ ಪದಾರ್ಥವನ್ನು ಕಡಿದಾಗ ಹಲ್ಲಿನ ಮೇಲೆ ಹತ್ತಾರು ಕಿಲೋಗ್ರಾಂ ಭಾರ ಬಿದ್ದರೂ ಏನೂ ಆಗದಿರುವುದು ಈ ಪದರದ ದ್ರವ ಕ್ಷಣಕಾಲ ಮೆತ್ತೆಯಂತೆ ಆ ಭಾರವನ್ನು ತಡೆದುಕೊಳ್ಳುವುದರಿಂದ.

ಆದರೆ ಅದೇ ಹಲ್ಲನ್ನು ಸಣ್ಣ ಬಲದಿಂದ ಬಿಡದೆ ಗಂಟೆಗಟ್ಟಲೆ ಒತ್ತುತ್ತಿದ್ದರೆ ಕಥೆ ಬೇರೆಯಾಗುತ್ತದೆ. ಹಲ್ಲು ಯಾವ ಕಡೆಗೆ ವಾಲುತ್ತದೆಯೋ ಆ ಕಡೆಯ ಪದರ ಅಮುಕಿಕೊಂಡು ಅಲ್ಲಿನ ರಕ್ತಸಂಚಾರ ಕುಗ್ಗುತ್ತದೆ, ಎದುರು ಬದಿಯಲ್ಲಿ ನಾರುಗಳು ಎಳೆದುಕೊಳ್ಳುತ್ತವೆ. ಕೆಲವು ಗಂಟೆಗಳೊಳಗೆ ಅಲ್ಲಿನ ಜೀವಕೋಶಗಳು ರಾಸಾಯನಿಕ ಸಂದೇಶಗಳನ್ನು ಹೊರಡಿಸುತ್ತವೆ. ಎರಡು ಮೂರು ದಿನ ಕಳೆಯುವಷ್ಟರಲ್ಲಿ ಅಮುಕಿದ ಬದಿಗೆ ಮೂಳೆಯನ್ನು ಕರಗಿಸುವ ಆಸ್ಟಿಯೊಕ್ಲಾಸ್ಟ್ ಕೋಶಗಳು ಬಂದು ಸೇರುತ್ತವೆ. ಎಳೆತಕ್ಕೆ ಸಿಕ್ಕ ಬದಿಯಲ್ಲಿ ಮೂಳೆ ಕಟ್ಟುವ ಆಸ್ಟಿಯೊಬ್ಲಾಸ್ಟ್ ಕೋಶಗಳು ಕೆಲಸ ಆರಂಭಿಸುತ್ತವೆ. ಮುಂದೆ ಮೂಳೆ ಕರಗಿ ದಾರಿ ಬಿಡುತ್ತದೆ, ಹಿಂದೆ ಹೊಸ ಮೂಳೆ ತುಂಬಿಕೊಳ್ಳುತ್ತದೆ. ಹಲ್ಲು ಮೂಳೆಯನ್ನು ಸೀಳಿಕೊಂಡು ಹೋಗುವುದಿಲ್ಲ. ತಾನಿರುವ ಗೂಡನ್ನೇ ತನ್ನೊಡನೆ ಕರೆದುಕೊಂಡು ಹೋಗುತ್ತದೆ. ತಂತಿಯ ಕೆಲಸ ಸೂಚನೆ ಕೊಡುವುದಷ್ಟೆ, ಉಳಿದುದನ್ನೆಲ್ಲ ಮಾಡುವುದು ನಿಮ್ಮ ಮಗನ ದೇಹವೇ.

ಇದನ್ನು ಸೂಕ್ಷ್ಮದರ್ಶಕದಡಿಯಲ್ಲಿ ನೋಡಿ ಮೊದಲು ವಿವರಿಸಿದವರಲ್ಲಿ ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಡ್ ಮುಖ್ಯರು. ನಾಯಿಗಳ ಹಲ್ಲಿಗೆ ತಂತಿ ಕಟ್ಟಿ ಸರಿಸಿ, ಸುತ್ತಲಿನ ಅಂಗಾಂಶವನ್ನು ಪರೀಕ್ಷಿಸಿದ ಅವರ ಬರಹಗಳು 1904–05ರಲ್ಲಿ ಪ್ರಕಟವಾದವು. ಒಂದು ಬದಿ ಕರಗುತ್ತದೆ, ಇನ್ನೊಂದು ಬದಿ ಬೆಳೆಯುತ್ತದೆ ಎಂಬ ಅವರ ಚಿತ್ರಣವನ್ನು ನಾವು ಇಂದಿಗೂ ಪಾಠದಲ್ಲಿ ಹೇಳುತ್ತೇವೆ.

ಪ್ರಶ್ನೆ: ಎರಡು ವರ್ಷ ಕ್ಲಿಪ್ ಧರಿಸಬೇಕೆಂದು ವೈದ್ಯರು ಹೇಳಿದ್ದಾರೆ. ಪ್ರತಿ ಭೇಟಿಯಲ್ಲೂ ತಂತಿಯನ್ನು ಇನ್ನಷ್ಟು ಬಿಗಿ ಮಾಡಿಸಿದರೆ, ನೋವು ಸಹಿಸಿಕೊಂಡರೂ ಸರಿ, ಒಂದು ವರ್ಷದಲ್ಲಿ ಮುಗಿಯಲಾರದೇ? ಹಲ್ಲನ್ನು ಅದುರಿಸಿ ವೇಗ ಹೆಚ್ಚಿಸುವ ಉಪಕರಣಗಳಿಂದ ಪ್ರಯೋಜನವಿದೆಯೇ?

ಉತ್ತರ: ಮುಗಿಯಲಾರದು; ಬಹುಶಃ ಇನ್ನೂ ತಡವಾಗುತ್ತದೆ. ಈ ಒಂದು ವಿಷಯದಲ್ಲಿ ನಮ್ಮ ಸಾಮಾನ್ಯ ತಿಳಿವಳಿಕೆ ನಮ್ಮನ್ನು ದಾರಿ ತಪ್ಪಿಸುತ್ತದೆ. ಬಲ ಮಿತಿಯಲ್ಲಿದ್ದಾಗ ಅಮುಕಿದ ಬದಿಯಲ್ಲಿ ರಕ್ತ ಹರಿಯುವುದು ಕಡಿಮೆಯಾದರೂ ನಿಲ್ಲುವುದಿಲ್ಲ, ಆದ್ದರಿಂದ ಮೂಳೆ ಕರಗಿಸುವ ಕೋಶಗಳು ನೇರವಾಗಿ ಅಲ್ಲಿಗೇ ತಲುಪಿ ಕೆಲಸ ಮಾಡುತ್ತವೆ. ಬಲ ಮಿತಿ ಮೀರಿದರೆ ರಕ್ತನಾಳಗಳು ಪೂರ್ತಿ ಮುಚ್ಚಿಹೋಗಿ ಆ ಜಾಗದ ಜೀವಕೋಶಗಳು ಸಾಯುತ್ತವೆ. ಸತ್ತ ಜಾಗಕ್ಕೆ ಹೊಸ ಕೋಶಗಳು ಬರಲಾರವು. ಅವು ಪಕ್ಕದ ಮಜ್ಜೆಯ ಕಡೆಯಿಂದ ಮೂಳೆಯನ್ನು ಹಿಂಬದಿಯಿಂದ ಕೊರೆಯುತ್ತ ಬರಬೇಕಾಗುತ್ತದೆ. ಅದಕ್ಕೆ ಒಂದೆರಡು ವಾರ ಹಿಡಿಯುತ್ತದೆ. ಅಷ್ಟು ದಿನ ಹಲ್ಲು ಇದ್ದಲ್ಲೇ ಇರುತ್ತದೆ. ನೋವು ಮಾತ್ರ ಹೆಚ್ಚು.

ಆಸ್ಟ್ರಿಯಾದ ಎ. ಮಾರ್ಟಿನ್ ಶ್ವಾರ್ಜ್ 1932ರಲ್ಲಿ, ಒತ್ತಡ ಅತಿ ಸಣ್ಣ ರಕ್ತನಾಳಗಳೊಳಗಿನ ಒತ್ತಡವನ್ನು ಮೀರಬಾರದೆಂದು ವಾದಿಸಿ, ಬೇರಿನ ಪ್ರತಿ ಚದರ ಸೆಂಟಿಮೀಟರಿಗೆ 20ರಿಂದ 26 ಗ್ರಾಂ ಎಂಬ ಲೆಕ್ಕ ಕೊಟ್ಟರು. ಇಂದಿನ ಪಠ್ಯಗಳಲ್ಲಿ ಹಲ್ಲನ್ನು ಸುಮ್ಮನೆ ವಾಲಿಸಲು ಸುಮಾರು 35ರಿಂದ 60 ಗ್ರಾಂ, ಬೇರಿನ ಸಮೇತ ನೇರವಾಗಿ ಸರಿಸಲು 70ರಿಂದ 120 ಗ್ರಾಂ ಸಾಕೆಂದಿದೆ. ಮೂಳೆಯೊಳಕ್ಕೆ ಒತ್ತಿ ಇಳಿಸುವಾಗ ಬಲವೆಲ್ಲ ಬೇರಿನ ತುದಿಯ ಚಿಕ್ಕ ಜಾಗದ ಮೇಲೆ ಬೀಳುವುದರಿಂದ 10ರಿಂದ 20 ಗ್ರಾಂ ಮಾತ್ರ. ಕೆಲವು ನಾಣ್ಯಗಳ ತೂಕದಷ್ಟು ಬಲ ಸಾಕಾಗುವ ಕಡೆ ಇಕ್ಕಳದ ಬಲ ಏಕೆ? ಹಾಗೆ ನೋಡಿದರೆ ನಮ್ಮ ಶಾಸ್ತ್ರದಲ್ಲಿ ಆಗಿರುವ ದೊಡ್ಡ ಸುಧಾರಣೆಗಳಲ್ಲಿ ಒಂದು, ತಂತಿಗಳು ಮೃದುವಾದದ್ದು. ನಿಕ್ಕಲ್ ಮತ್ತು ಟೈಟಾನಿಯಂ ಬೆರೆತ ನಿಟಿನಾಲ್ ಲೋಹ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಹೆಸರಿನ ಕೊನೆಯ ‘ನಾಲ್’ ಆ ಪ್ರಯೋಗಾಲಯದ ಹೆಸರಿನ ಮೊದಲಕ್ಷರಗಳೇ. 1970ರ ದಶಕದಲ್ಲಿ ಅದು ದಂತವೈದ್ಯರ ಕೈಗೆ ಬಂತು. ಎಷ್ಟು ಬಾಗಿಸಿದರೂ ತನ್ನ ಮೂಲ ಆಕಾರಕ್ಕೆ ಮರಳಲು ಯತ್ನಿಸುತ್ತ, ವಾರಗಟ್ಟಲೆ ಸರಿಸುಮಾರು ಒಂದೇ ಹದದ ಹಗುರ ಬಲವನ್ನು ಕೊಡುವುದು ಅದರ ಗುಣ.

ಇಷ್ಟೆಲ್ಲ ಇದ್ದರೂ ಹಲ್ಲು ತಿಂಗಳಿಗೆ ಸರಾಸರಿ ಒಂದು ಮಿಲಿಮೀಟರಿನಷ್ಟು ಸರಿಯುತ್ತದೆ. ಬಿಗಿ ಹೆಚ್ಚಿಸಿದರೆ ಇನ್ನೊಂದು ಅಪಾಯವೂ ಇದೆ: ಬೇರಿನ ತುದಿಯೇ ಕರಗಿ ಗಿಡ್ಡವಾಗಬಹುದು. ಅಲ್ಪ ಪ್ರಮಾಣದಲ್ಲಿ ಇದು ಕ್ಲಿಪ್ ಹಾಕಿಸಿಕೊಂಡ ಬಹುಪಾಲು ಜನರಲ್ಲಿ ಆಗುತ್ತದೆ, ತೊಂದರೆಯನ್ನೇನೂ ಕೊಡುವುದಿಲ್ಲ. ಆದರೆ ಕರಗಿದ ಮೂಳೆ ಮತ್ತೆ ಬೆಳೆಯುವಂತೆ ಗಿಡ್ಡವಾದ ಬೇರು ಮತ್ತೆ ಉದ್ದವಾಗುವುದಿಲ್ಲ. ಹಲ್ಲನ್ನು ಅದುರಿಸಿ ವೇಗ ಹೆಚ್ಚಿಸುವುದಾಗಿ ಹೇಳುವ ಉಪಕರಣಗಳ ಬಗ್ಗೆಯೂ ಕೇಳಿದ್ದೀರಿ. ಅವುಗಳ ಪರವಾಗಿ ದೊರೆತಿರುವ ಆಧಾರ ದುರ್ಬಲವಾದದ್ದು, ನಾನು ಅವನ್ನು ಸೂಚಿಸುವುದಿಲ್ಲ.

ನೋವಿನ ಬಗ್ಗೆ ಒಂದು ಮಾತು. ತಂತಿ ಬದಲಿಸಿದ ಎರಡು ಮೂರು ಗಂಟೆಗಳಲ್ಲಿ ಆರಂಭವಾಗಿ, ಮಾರನೆಯ ದಿನ ಹೆಚ್ಚಾಗಿ, ಒಂದು ವಾರದೊಳಗೆ ಇಳಿಯುವ ಮಂದ ನೋವು ಸಹಜ. ಮಾತ್ರೆ ಬೇಕೇ ಆದರೆ ಪ್ಯಾರಸಿಟಮಾಲ್ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಐಬುಪ್ರೊಫೆನ್ ತರಹದ ಮಾತ್ರೆಗಳು, ಮೂಳೆ ಕರಗಿಸಲು ಬೇಕಾದ ಪ್ರೊಸ್ಟಗ್ಲಾಂಡಿನ್ ಎಂಬ ಸಂದೇಶವಾಹಕವನ್ನೇ ತಗ್ಗಿಸುವುದರಿಂದ, ದಿನಗಟ್ಟಲೆ ಸೇವಿಸಿದರೆ ಹಲ್ಲಿನ ಚಲನೆಯನ್ನೂ ನಿಧಾನಗೊಳಿಸಬಹುದು.

ಪ್ರಶ್ನೆ: ನನಗೆ 46 ವರ್ಷ. ಎಂದೂ ಕ್ಲಿಪ್ ಹಾಕಿಸಿಕೊಂಡವಳಲ್ಲ, ಹಲ್ಲುಗಳು ಸಾಲಾಗಿಯೇ ಇದ್ದವು. ಈಚಿನ ಕೆಲವು ವರ್ಷಗಳಲ್ಲಿ ಕೆಳಗಿನ ಬಾಚಿಹಲ್ಲುಗಳು ಒಂದರ ಮೇಲೊಂದು ಏರುತ್ತಿವೆ. ಬುದ್ಧಿಹಲ್ಲು ಹಿಂದಿನಿಂದ ನೂಕುತ್ತಿದೆ, ಅದನ್ನು ಕೀಳಿಸಿಬಿಡು ಎಂದು ಪರಿಚಿತರು ಹೇಳುತ್ತಾರೆ. ಕೀಳಿಸಲೇ?

ಉತ್ತರ: ಆ ಕಾರಣಕ್ಕಾಗಿಯೇ ಕೀಳಿಸಬೇಡಿ. ಬುದ್ಧಿಹಲ್ಲು ಹುಟ್ಟದೇ ಇರುವವರಲ್ಲೂ, ಎಂದೋ ಕೀಳಿಸಿಕೊಂಡವರಲ್ಲೂ ಕೆಳಗಿನ ಬಾಚಿಹಲ್ಲುಗಳು ವಯಸ್ಸಾದಂತೆ ಇಕ್ಕಟ್ಟಾಗುವುದನ್ನು ನಾವು ಕಾಣುತ್ತೇವೆ. ಬುದ್ಧಿಹಲ್ಲಿನ ಮೇಲೆ ಈ ಆರೋಪ ಬಹಳ ಹಳೆಯದು, ಆದರೆ ಪರಿಶೀಲನೆಯಲ್ಲಿ ಅದು ಗಟ್ಟಿಯಾಗಿ ನಿಲ್ಲಲಿಲ್ಲ. ಅದರಲ್ಲಿ ಹುಳುಕೋ, ಮತ್ತೆ ಮತ್ತೆ ಬರುವ ವಸಡಿನ ಬಾವೋ ಇದ್ದರೆ ಕೀಳಿಸುವ ಮಾತು ಬೇರೆ.

ನಿಜ ಸಂಗತಿಯೆಂದರೆ ಹಲ್ಲು ಒಮ್ಮೆ ಹುಟ್ಟಿದ ಮೇಲೆ ಸುಮ್ಮನೆ ನಿಂತಿರುವ ವಸ್ತುವಲ್ಲ. ಒಳಗಿನಿಂದ ನಾಲಿಗೆ, ಹೊರಗಿನಿಂದ ತುಟಿ ಮತ್ತು ಕೆನ್ನೆ ಅದನ್ನು ಹಗಲಿರುಳೂ ಒತ್ತುತ್ತಿರುತ್ತವೆ. ಊಟ ಮಾಡುವಾಗಿನ ಅಥವಾ ಮಾತನಾಡುವಾಗಿನ ಕ್ಷಣಿಕ ಒತ್ತಡಕ್ಕಿಂತ, ನೀವು ಏನೂ ಮಾಡದೆ ಕುಳಿತಿರುವಾಗ ನಾಲಿಗೆ ಮತ್ತು ತುಟಿ ಬೀರುವ ಆ ಕೆಲವೇ ಗ್ರಾಂಗಳ ಒತ್ತಡವೇ ಹಲ್ಲಿನ ಸ್ಥಾನವನ್ನು ಹೆಚ್ಚು ನಿರ್ಧರಿಸುತ್ತದೆ. ಬಲ ದಿನಕ್ಕೆ ಆರು ಗಂಟೆಯಷ್ಟಾದರೂ ಬಿಡದೆ ಇದ್ದರೆ ಮಾತ್ರ ಮೂಳೆ ಅದನ್ನು ಗಮನಕ್ಕೆ ತೆಗೆದುಕೊಳ್ಳುತ್ತದೆ ಎಂದು ಸ್ಥೂಲವಾಗಿ ಹೇಳಬಹುದು. ದಿನವಿಡೀ ಬೆರಳು ಚೀಪುವ ಮಗುವಿನ ಮೇಲಿನ ಹಲ್ಲುಗಳು ಮುಂದೆ ಬರುವುದಕ್ಕೂ, ಆಗೊಮ್ಮೆ ಈಗೊಮ್ಮೆ ಚೀಪುವ ಮಗುವಿಗೆ ಏನೂ ಆಗದಿರುವುದಕ್ಕೂ ಇದೇ ಕಾರಣ. ಇದರ ಜೊತೆಗೆ ಹಲ್ಲುಗಳಿಗೆ ವಯಸ್ಸಿನುದ್ದಕ್ಕೂ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸಾಗುವ ಪ್ರವೃತ್ತಿಯಿದೆ. ಪಕ್ಕಪಕ್ಕದ ಹಲ್ಲುಗಳು ಒಂದಕ್ಕೊಂದು ಉಜ್ಜಿ ಸವೆದಾಗ ಸಂದು ಬೀಳದೆ ಇರುವುದು ಇದರಿಂದಲೇ. ಸವೆತ ಕಡಿಮೆಯಿದ್ದು ಸಾಗುವಿಕೆ ಮುಂದುವರಿದರೆ, ಸಾಲಿನ ಮುಂಭಾಗದಲ್ಲಿರುವ ಚಿಕ್ಕ ಬಾಚಿಹಲ್ಲುಗಳು ಜಾಗ ಸಾಲದೆ ತಿರುಗಿಕೊಳ್ಳುತ್ತವೆ. ತಲೆಗೂದಲು ನೆರೆಯುವಷ್ಟೇ ಸಹಜವಾದ ಬದಲಾವಣೆ ಇದು.

ಆದರೆ ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಪ್ರಶ್ನೆಯನ್ನು ನಾನೇ ಕೇಳಬೇಕಾಗಿದೆ: ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬರುತ್ತಿದೆಯೇ? ಮೇಲಿನ ಬಾಚಿಹಲ್ಲುಗಳು ಮುಂದಕ್ಕೆ ಚಾಚಿ, ಮೊದಲಿಲ್ಲದ ಸಂದು ಕಾಣಿಸಿಕೊಂಡಿದೆಯೇ? ಹಾಗಿದ್ದರೆ ಅದು ವಯಸ್ಸಿನ ಬದಲಾವಣೆಯಲ್ಲ, ವಸಡಿನ ರೋಗದಿಂದ ಆಧಾರದ ಮೂಳೆ ಕಳೆದುಕೊಂಡ ಹಲ್ಲು ತುಟಿ ನಾಲಿಗೆಗಳ ಸಣ್ಣ ಒತ್ತಡಕ್ಕೂ ಸೋಲುತ್ತಿದೆ ಎಂದರ್ಥ. ಅಂಥ ಸ್ಥಿತಿಯಲ್ಲಿ ಮೊದಲು ವಸಡಿನ ಚಿಕಿತ್ಸೆ ಆಗಬೇಕು. ರೋಗ ಹತೋಟಿಗೆ ಬಂದ ಮೇಲೆ ಈ ವಯಸ್ಸಿನಲ್ಲೂ ಕ್ಲಿಪ್ ಹಾಕಿಸಿಕೊಳ್ಳಬಹುದು. ಹಲ್ಲು ಸರಿಯುವುದಕ್ಕೆ ವಯಸ್ಸಿನ ಮಿತಿ ಇಲ್ಲ, ಆರಂಭ ತುಸು ನಿಧಾನ ಅಷ್ಟೆ. ಮೂಳೆ ಸವೆತಕ್ಕೆ ಬಿಸ್‌ಫಾಸ್ಫೊನೇಟ್ ವರ್ಗದ ಔಷಧಿ ತೆಗೆದುಕೊಳ್ಳುತ್ತಿದ್ದರೆ ಮಾತ್ರ ಅದನ್ನು ತಪ್ಪದೆ ತಿಳಿಸಿ, ಏಕೆಂದರೆ ಅದು ಮೂಳೆ ಕರಗಿಸುವ ಕೋಶಗಳನ್ನೇ ತಡೆಯುತ್ತದೆ.

ಪ್ರಶ್ನೆ: ಕೆಳಗಿನ ಒಂದು ದವಡೆಹಲ್ಲನ್ನು ಹತ್ತು ವರ್ಷಗಳ ಹಿಂದೆ ಕೀಳಿಸಿದ್ದೆ. ಈಗ ಅಲ್ಲಿ ಹಲ್ಲು ಕಟ್ಟಿಸಲು ಹೋದರೆ ಜಾಗ ಸಾಲದು, ಮೊದಲು ಹಲ್ಲು ಸರಿಸಬೇಕು ಎನ್ನುತ್ತಾರೆ. ಇದು ಅನವಶ್ಯಕ ಖರ್ಚಲ್ಲವೇ?

ಉತ್ತರ: ಅಲ್ಲ. ಹಲ್ಲಿನ ಸಾಲಿನಲ್ಲಿ ಒಂದು ಸ್ಥಾನ ಖಾಲಿಯಾದರೆ ನೆರೆಹೊರೆ ಸುಮ್ಮನಿರುವುದಿಲ್ಲ. ಹಿಂದಿನ ದವಡೆಹಲ್ಲು ಖಾಲಿ ಜಾಗದೊಳಕ್ಕೆ ವಾಲುತ್ತದೆ. ಮುಂದಿನ ಹಲ್ಲು ತುಸು ಹಿಂದೆ ಸರಿಯುತ್ತದೆ. ಕಡಿಯಲು ಜೊತೆಗಾರನನ್ನು ಕಳೆದುಕೊಂಡ ಮೇಲಿನ ಹಲ್ಲು ಮೆಲ್ಲಮೆಲ್ಲನೆ ಕೆಳಕ್ಕೆ ಇಳಿಯುತ್ತದೆ. ಹುಟ್ಟುವಾಗ ಹಲ್ಲನ್ನು ಮೇಲೆತ್ತಿದ ಕ್ರಿಯೆ ಪೂರ್ತಿಯಾಗಿ ನಿಂತಿರುವುದಿಲ್ಲ, ಎದುರಿನ ಹಲ್ಲು ತಡೆದು ನಿಲ್ಲಿಸಿರುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. ವಾಲಿದ ಹಲ್ಲಿನ ಮುಂಬದಿಯಲ್ಲಿ ಬ್ರಷ್ ತಲುಪದ ಕೊರಕಲು ಉಂಟಾಗಿ ಆಹಾರ ಸಿಕ್ಕಿಕೊಳ್ಳುತ್ತದೆ. ಅದನ್ನು ನೆಟ್ಟಗೆ ನಿಲ್ಲಿಸದೆ ಹಲ್ಲು ಕಟ್ಟಿಸಿದರೆ ಕಟ್ಟಿಸಿದ ಹಲ್ಲಿಗೂ ವಾಲಿದ ಹಲ್ಲಿಗೂ ಬಾಳಿಕೆ ಕಡಿಮೆ. ಕೆಲವು ತಿಂಗಳ ಈ ಕೆಲಸವನ್ನು ಮಾಡಿಸಿಕೊಳ್ಳಿ. ಕೀಳಿಸಿದ ಕೂಡಲೇ ಆ ಜಾಗವನ್ನು ಕಾಯುವ ವ್ಯವಸ್ಥೆ ಮಾಡಿದ್ದರೆ ಈ ಹೆಚ್ಚಿನ ಖರ್ಚು ಬರುತ್ತಿರಲಿಲ್ಲ ಎಂಬುದೂ ನಿಜ.

ಪ್ರಶ್ನೆ: ಎಂಟು ವರ್ಷದ ಮಗಳ ಮೇಲಿನ ಎರಡು ಬಾಚಿಹಲ್ಲುಗಳ ನಡುವೆ ಸಂದು ಬಿದ್ದಿದೆ. ಈಗಲೇ ಕ್ಲಿಪ್ ಹಾಕಿಸಬೇಕೇ?

ಉತ್ತರ: ಬಹುತೇಕ ಬೇಡ. ಈ ವಯಸ್ಸಿನಲ್ಲಿ ಇನ್ನೂ ಹೊರಬರದ ಕೋರೆಹಲ್ಲುಗಳು ಮೂಳೆಯೊಳಗೆ ಬಾಚಿಹಲ್ಲುಗಳ ಬೇರನ್ನು ಒತ್ತುತ್ತಿರುವುದರಿಂದ ಹಲ್ಲಿನ ಹೊರಗೆ ಕಾಣುವ ತುದಿಗಳು ಬೀಸಣಿಗೆಯಂತೆ ಅಗಲುತ್ತವೆ. ಸುಮಾರು 11–12ನೆಯ ವಯಸ್ಸಿಗೆ ಕೋರೆಹಲ್ಲು ಇಳಿದಾಗ ಎರಡು ಮಿಲಿಮೀಟರಿನೊಳಗಿನ ಸಂದು ಹೆಚ್ಚಾಗಿ ತಾನೇ ಮುಚ್ಚಿಕೊಳ್ಳುತ್ತದೆ. ಅದಕ್ಕಿಂತ ಅಗಲವಾಗಿದ್ದರೆ, ಇಲ್ಲವೇ ಪಕ್ಕದ ಹಲ್ಲು ಹುಟ್ಟುವ ಲಕ್ಷಣವೇ ಇಲ್ಲದಿದ್ದರೆ, ಎಕ್ಸ್‌ರೇ ತೆಗೆಸಿ ನೋಡುವುದು ಸರಿ.

ಪ್ರಶ್ನೆ: ಸಂದು ಮುಚ್ಚಲು ಎರಡು ಬಾಚಿಹಲ್ಲುಗಳಿಗೆ ರಬ್ಬರ್ ಬ್ಯಾಂಡ್ ಸುತ್ತಿಕೊಂಡರೆ ಸಾಕೆಂದು ವಿಡಿಯೊವೊಂದರಲ್ಲಿ ನೋಡಿದೆ. ಪ್ರಯತ್ನಿಸಬಹುದೇ?

ಉತ್ತರ: ಖಂಡಿತ ಬೇಡ. ಹಲ್ಲಿನ ಬೇರು ಒಳಗೆ ಹೋದಂತೆ ಮೊನೆಯಾಗುತ್ತದೆ, ಆದ್ದರಿಂದ ಬಿಗಿಯಾದ ಬ್ಯಾಂಡ್ ಜಾರಿ ಜಾರಿ ವಸಡಿನೊಳಗೆ ಹೊಕ್ಕು ಬೇರಿನ ತುದಿಯ ಕಡೆಗೆ ಏರುತ್ತದೆ. ದಾರಿಯಲ್ಲಿ ಆಗಲೇ ವಿವರಿಸಿದ ನಾರಿನ ಪದರವನ್ನೂ ಮೂಳೆಯನ್ನೂ ಹಾಳು ಮಾಡುತ್ತದೆ. ಸಂದು ಮುಚ್ಚಿದಂತೆ ಕಾಣುತ್ತದೆ, ಬ್ಯಾಂಡ್ ಎಲ್ಲೋ ಬಿದ್ದುಹೋಯಿತೆಂದು ರೋಗಿ ತಿಳಿಯುತ್ತಾನೆ. ವಾರಗಳ ನಂತರ ಎರಡೂ ಹಲ್ಲು ಅಲುಗಾಡತೊಡಗುತ್ತವೆ. ಹೀಗೆ ಆರೋಗ್ಯವಂತ ಬಾಚಿಹಲ್ಲುಗಳನ್ನೇ ಕಳೆದುಕೊಂಡ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ಈಗಾಗಲೇ ಹಾಕಿಕೊಂಡು ಬ್ಯಾಂಡ್ ಕಾಣೆಯಾಗಿದ್ದರೆ ಇಂದೇ ದಂತವೈದ್ಯರ ಬಳಿಗೆ ಹೋಗಿ, ನಡೆದುದನ್ನು ಮುಚ್ಚಿಡದೆ ಹೇಳಿ. ರಬ್ಬರ್ ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣಿಸುವುದಿಲ್ಲ. ನೀವು ಹೇಳದಿದ್ದರೆ ಅವರಿಗೆ ಗೊತ್ತಾಗುವುದು ಕಷ್ಟ.

ಪ್ರಶ್ನೆ: ಕ್ಲಿಪ್ ತೆಗೆದ ಮೇಲೆ, ಹಲ್ಲು ಮತ್ತೆ ಸರಿಯದಂತೆ ಹಿಡಿದಿಡುವ ರಿಟೇನರ್ ಕೊಟ್ಟಿದ್ದಾರೆ. ಹಲ್ಲು ಸರಿಯಾಗಿದೆಯಲ್ಲ, ಅದನ್ನು ಎಷ್ಟು ದಿನ ಧರಿಸಬೇಕು?

ಉತ್ತರ: ನಿಮ್ಮ ಹಲ್ಲುಗಳು ಹೊಸ ಜಾಗಕ್ಕೆ ಬಂದಿವೆ, ಅವುಗಳ ನಾರುಗಳು ಇನ್ನೂ ಬಂದಿಲ್ಲ. ಬೇರಿನ ಸುತ್ತಲಿನ ಪದರ ಮತ್ತೆ ಹದಕ್ಕೆ ಬರಲು ಮೂರು ನಾಲ್ಕು ತಿಂಗಳು ಬೇಕು. ವಸಡಿನೊಳಗಿನ ಕೊಲಾಜೆನ್ ನಾರುಗಳಿಗೆ ನಾಲ್ಕರಿಂದ ಆರು ತಿಂಗಳು. ಹಲ್ಲಿನ ಕುತ್ತಿಗೆಯ ಸುತ್ತ ಇರುವ ಸ್ಥಿತಿಸ್ಥಾಪಕ ನಾರುಗಳಂತೂ ಒಂದು ವರ್ಷ ಕಳೆದರೂ ಹಳೆಯ ಜಾಗದ ನೆನಪನ್ನು ಬಿಡುವುದಿಲ್ಲ; ಓರೆಯಾಗಿ ತಿರುಗಿದ್ದ ಹಲ್ಲನ್ನು ನೇರ ಮಾಡಿದಾಗ ಅದು ಮತ್ತೆ ತಿರುಗುವುದು ಹೆಚ್ಚಾಗಿ ಇವುಗಳ ಎಳೆತದಿಂದ. ಆದ್ದರಿಂದ ಮೊದಲ ಕೆಲವು ತಿಂಗಳು ಊಟದ ಹೊತ್ತನ್ನು ಬಿಟ್ಟು ಹಗಲಿರುಳೂ, ಆಮೇಲೆ ರಾತ್ರಿ ಮಾತ್ರ ಎಂಬ ಕ್ರಮವನ್ನು ಹೆಚ್ಚಿನ ವೈದ್ಯರು ಹೇಳುತ್ತಾರೆ. ನಿಮ್ಮ ವೈದ್ಯರು ಬೇರೆ ಕ್ರಮ ಹೇಳಿದ್ದರೆ ಅದನ್ನೇ ಪಾಲಿಸಿ.

ರಾತ್ರಿ ಧರಿಸುವುದು ಎಂದಿಗೆ ಮುಗಿಯುತ್ತದೆ ಎಂದರೆ, ನನ್ನ ಪ್ರಾಮಾಣಿಕ ಉತ್ತರ: ಹಲ್ಲು ಸಾಲಾಗಿರಬೇಕೆಂಬ ಆಸೆ ಇರುವವರೆಗೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ರಾಬರ್ಟ್ ಲಿಟಲ್ ಮತ್ತು ಸಂಗಡಿಗರು, ಹಲ್ಲು ಕೀಳಿಸಿ ಕ್ಲಿಪ್ ಚಿಕಿತ್ಸೆ ಪಡೆದವರನ್ನು ರಿಟೇನರ್ ಬಿಟ್ಟು ಹತ್ತು ವರ್ಷ ಕಳೆದ ಮೇಲೆ ಪರೀಕ್ಷಿಸಿ 1981ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಸುಮಾರು ಮೂರನೇ ಎರಡು ಭಾಗದಷ್ಟು ಜನರ ಕೆಳಗಿನ ಬಾಚಿಹಲ್ಲುಗಳ ಸಾಲು ತೃಪ್ತಿಕರವಾಗಿ ಉಳಿದಿರಲಿಲ್ಲ. ಅದನ್ನೆಲ್ಲ ಚಿಕಿತ್ಸೆಯ ಸೋಲೆಂದು ಕರೆಯುವುದು ಸರಿಯಲ್ಲ. ಅದರಲ್ಲಿ ಸ್ವಲ್ಪ ಪಾಲು, 46 ವರ್ಷದ ಓದುಗರಿಗೆ ಮೇಲೆ ತಿಳಿಸಿದ ಸಹಜ ಬದಲಾವಣೆಯದು. ಬಿಟ್ಟಿದ್ದ ರಿಟೇನರನ್ನು ಮತ್ತೆ ಹಾಕಿದಾಗ ಬಿಗಿ ಎನಿಸಿದರೆ ಹಲ್ಲು ಸರಿದಿದೆ ಎಂದೇ ಅರ್ಥ. ಪೂರ್ತಿ ಕೂರುವಂತಿದ್ದರೆ ಕೆಲವು ದಿನ ಹೆಚ್ಚು ಹೊತ್ತು ಧರಿಸಿ. ಕೂರದಿದ್ದರೆ ಒತ್ತಾಯಿಸದೆ ವೈದ್ಯರಿಗೆ ತೋರಿಸಿ. ನಾಲಿಗೆಯ ಬದಿಗೆ ತೆಳು ತಂತಿ ಅಂಟಿಸುವ ವಿಧಾನವೂ ಇದೆ, ಮರೆಗುಳಿಗಳಿಗೆ ಅದು ಅನುಕೂಲ. ಆದರೆ ಅದರ ಸುತ್ತ ಕಿಟ್ಟ ಕಟ್ಟದಂತೆ ಶುಚಿ ಮಾಡಬೇಕು ಮತ್ತು ಅಂಟು ಬಿಟ್ಟಿದೆಯೇ ಎಂದು ಆಗಾಗ ನೋಡಿಸಿಕೊಳ್ಳಬೇಕು.

ಪ್ರಶ್ನೆ: ತಂತಿಯ ಬದಲು ಪಾರದರ್ಶಕ ಅಲೈನರ್ (ಹಲ್ಲಿನ ಸಾಲಿನ ಮೇಲೆ ಕೂರುವ ಪ್ಲಾಸ್ಟಿಕ್ ಕವಚ) ಹಾಕಿಸಿಕೊಳ್ಳಬೇಕೆಂದಿದ್ದೇನೆ. ನನಗೆ ಒಂದು ಇಂಪ್ಲಾಂಟ್ ಹಲ್ಲೂ (ಮೂಳೆಯಲ್ಲಿ ಕೂರಿಸಿದ ಕೃತಕ ಹಲ್ಲು) ಇದೆ. ತೊಂದರೆಯೇ?

ಉತ್ತರ: ಅಲೈನರ್ ಆಗಲಿ ತಂತಿಯಾಗಲಿ, ಮೂಳೆಗೆ ವ್ಯತ್ಯಾಸ ತಿಳಿಯದು, ಅದಕ್ಕೆ ಬೇಕಾದದ್ದು ಹಗುರವಾದ, ಬಿಡದೆ ಇರುವ ಬಲ. ಒಂದೊಂದು ಅಲೈನರ್ ಹಲ್ಲನ್ನು ಸುಮಾರು ಕಾಲು ಮಿಲಿಮೀಟರ್ ಸರಿಸುವಂತೆ ರೂಪಿಸಿರುತ್ತಾರೆ, ಒಂದೆರಡು ವಾರಕ್ಕೊಮ್ಮೆ ಮುಂದಿನದಕ್ಕೆ ಬದಲಿಸುತ್ತಾರೆ. ದಿನಕ್ಕೆ 20–22 ಗಂಟೆ ಧರಿಸುವ ಶಿಸ್ತು ನಿಮಗಿದ್ದರೆ, ಸಮಸ್ಯೆಯೂ ಸಾಧಾರಣವಾಗಿದ್ದರೆ, ಅದು ಒಳ್ಳೆಯ ಆಯ್ಕೆ. ತೆಗೆದಿಡಬಹುದಾದ ವಸ್ತುವನ್ನು ತೆಗೆದೇ ಇಡುವ ಸ್ವಭಾವ ನಿಮ್ಮದಾದರೆ ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ ಬ್ರಾಕೆಟ್ಟೇ ವಾಸಿ.

ಇಂಪ್ಲಾಂಟ್ ವಿಷಯ ಹೆಚ್ಚು ಮುಖ್ಯ. ಟೈಟಾನಿಯಂ ಬೇರು ಮೂಳೆಯೊಡನೆ ನೇರವಾಗಿ ಬೆಸೆದುಕೊಂಡಿರುತ್ತದೆ, ನಡುವೆ ನಾರಿನ ಪದರವಿಲ್ಲ. ಆದ್ದರಿಂದ ಎಷ್ಟು ಕಾಲ ಒತ್ತಿದರೂ ಅದು ಸರಿಯುವುದಿಲ್ಲ. ಪೆಟ್ಟು ಬಿದ್ದು ಮೂಳೆಗೆ ಬೆಸೆದುಹೋದ ಸಹಜ ಹಲ್ಲಿನದೂ ಇದೇ ಸ್ಥಿತಿ. ಸುತ್ತಲಿನ ಹಲ್ಲುಗಳನ್ನು ಎಳೆಯಲು ಅಲುಗಾಡದ ಕಂಬವಾಗಿ ಇಂಪ್ಲಾಂಟ್ ಅನ್ನು ಬಳಸಿಕೊಳ್ಳಬಹುದು, ಆ ದೃಷ್ಟಿಯಿಂದ ಅನುಕೂಲವೇ. ಆದರೆ ಬೇರೆ ಹಲ್ಲು ಸರಿದು ಬರಬೇಕಾದ ಜಾಗದಲ್ಲಿಯೇ ಅದು ನಿಂತಿದ್ದರೆ ಇಡೀ ಯೋಜನೆಯನ್ನೇ ಬದಲಿಸಬೇಕಾಗುತ್ತದೆ. ಹಾಗಾಗಿ ಅಳತೆ ಕೊಡುವ ಮೊದಲೇ, ಯಾವ ಹಲ್ಲು ಇಂಪ್ಲಾಂಟ್ ಎಂಬುದನ್ನು ಹೇಳಿ, ಅದರ ಹಳೆಯ ಎಕ್ಸ್‌ರೇ ಇದ್ದರೆ ಜೊತೆಗೆ ಒಯ್ಯಿರಿ.